ಪ್ಲಾಟರ್‌ನಲ್ಲಿ ಸ್ಟಿಕ್ಕರ್ ಕ್ಲೀನಾಗಿ ಕಟ್ ಆಗ್ಬೇಕಾದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಮ್ಮದು ಸ್ಟಿಕ್ಕರ್ ಕಟಿಂಗ್ ಅಂಗಡಿ. ಬಸ್ಸು, ರಿಕ್ಷಾ, ಮಲ್ಪೆಯ ಬೋಟು, ಅಂಗಡಿಗಳ ಗ್ಲಾಸು ಎಲ್ಲದಕ್ಕೂ ಹೆಸರು ಕಟ್ ಮಾಡಿ ಕೊಡ್ತೇವೆ. ಹೊಸದಾಗಿ ಪ್ಲಾಟರ್, ಅಂದ್ರೆ ಕಂಪ್ಯೂಟರಲ್ಲಿ ಹಾಕಿದ ಆಕಾರವನ್ನ ಬ್ಲೇಡಲ್ಲಿ ಕೊಯ್ಯುವ ಮೆಷಿನ್ ತಗೊಂಡ ಹುಡುಗರು ಕುಂದಾಪುರದಿಂದ, ಕಾರ್ಕಳದಿಂದ, ಸುರತ್ಕಲ್‌ನಿಂದ ಫೋನ್ ಮಾಡಿ ಕೇಳುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು, ಪ್ರತಿ ಸಲ ಫೋನಲ್ಲಿ ಅರ್ಧಂಬರ್ಧ ಹೇಳುದಕ್ಕಿಂತ ಒಂದು ಕಡೆ ಸರಿಯಾಗಿ ಬರೆದಿಟ್ರೆ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ ಕೂತು ಬರ್ದಿದ್ದೇನೆ.

ರೇಡಿಯಂ, ವಿನೈಲ್, ಸ್ಟಿಕ್ಕರ್, ಇದೆಲ್ಲ ಒಂದೇಯಾ?

ನಮ್ಮ ಕಡೆ ಜನ ಎಲ್ಲದಕ್ಕೂ ರೇಡಿಯಂ ಅಂತಲೇ ಹೇಳುದು, ಅದರಲ್ಲಿ ರೇಡಿಯಂ ಅನ್ನುವ ಧಾತು ಏನೂ ಇಲ್ಲ. ಪ್ಲಾಟರ್‌ಗೆ ಹಾಕುವ ಸಾಮಾನ್ಯ ಶೀಟು ಪಿವಿಸಿ ವಿನೈಲ್. ಅದರಲ್ಲಿ ಎರಡು ಜಾತಿ ಉಂಟು, ಕ್ಯಾಲೆಂಡರ್ಡ್ ಮತ್ತು ಕಾಸ್ಟ್. ಕ್ಯಾಲೆಂಡರ್ಡ್ ಅಂದ್ರೆ ರೋಲರ್‌ಗಳ ಮಧ್ಯೆ ಒತ್ತಿ ಹಿಗ್ಗಿಸಿ ಮಾಡಿದ್ದು, ಹೆಚ್ಚಾಗಿ 70ರಿಂದ 80 ಮೈಕ್ರಾನ್ ದಪ್ಪ, ರೇಟು ಕಮ್ಮಿ, ಆದ್ರೆ ವರ್ಷ ಕಳೆದ ಹಾಗೆ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಕುಗ್ತದೆ. ಕಾಸ್ಟ್ ಅಂದ್ರೆ ದ್ರವ ರೂಪದಲ್ಲಿ ಹರಡಿ ಒಣಗಿಸಿದ್ದು, 50 ಮೈಕ್ರಾನ್ ಆಸುಪಾಸು, ಮೆತ್ತಗೆ ಇರ್ತದೆ, ಉಬ್ಬುತಗ್ಗು ಇರುವ ಬಾಡಿ ಮೇಲೆ ಚೆಂದ ಕೂರ್ತದೆ. ರಾತ್ರಿ ಲೈಟ್ ಬಿದ್ದಾಗ ಹೊಳೆಯುದು ರಿಫ್ಲೆಕ್ಟಿವ್, ಅದು ಇವೆರಡಕ್ಕಿಂತಲೂ ದಪ್ಪ. ಇದನ್ನ ಯಾಕೆ ಹೇಳಿದ್ದು ಅಂದ್ರೆ ಶೀಟು ಬದಲಾದ್ರೆ ಸೆಟ್ಟಿಂಗ್ ಕೂಡ ಬದಲಾಗ್ಬೇಕು, ಒಂದೇ ಸೆಟ್ಟಿಂಗಲ್ಲಿ ಎಲ್ಲವನ್ನೂ ಕಟ್ ಮಾಡ್ಲಿಕ್ಕೆ ಹೋಗಿಯೇ ಅರ್ಧ ಜನ ಕಷ್ಟಕ್ಕೆ ಬೀಳುದು.

ಕ್ಲೀನ್ ಕಟ್ ಅಂದ್ರೆ ಎಂತ, ಹೇಗೆ ಗೊತ್ತಾಗುದು?

ಶೀಟಲ್ಲಿ ಮೂರು ಪದರ ಉಂಟು, ಮೇಲೆ ಫಿಲ್ಮ್, ನಡುವೆ ಗಮ್, ಅಡಿಯಲ್ಲಿ ಮೇಣದ ಹಾಗೆ ನುಣುಪಾದ ಕಾಗದ. ಬ್ಲೇಡು ಫಿಲ್ಮನ್ನೂ ಗಮ್ಮನ್ನೂ ಪೂರ್ತಿ ಕೊಯ್ದು ಕಾಗದದ ಮೇಲೆ ಬರೀ ಒಂದು ತೆಳು ಗೀರು ಬಿಡ್ಬೇಕು, ಅಷ್ಟೇ.

ಕಟ್ ಆದ ಮೇಲೆ ಎಲ್ಲರೂ ಮೇಲಿಂದ ನೋಡ್ತಾರೆ. ನೀವು ಸ್ಟಿಕ್ಕರ್ ಎಬ್ಬಿಸಿ ಕಾಗದವನ್ನ ನೋಡಿ. ಕಾಗದದ ಮೇಲೆ ಸಣ್ಣ ಗೀರು ಮಾತ್ರ ಇದ್ರೆ ಸರಿ. ಗೀರೇ ಇಲ್ಲದಿದ್ರೆ ಬ್ಲೇಡು ಇಳಿದಿಲ್ಲ, ವೇಸ್ಟ್, ಅಂದ್ರೆ ಅಕ್ಷರದ ಸುತ್ತ ಉಳಿದ ಫಿಲ್ಮ್ ತೆಗೆಯುವಾಗ ಅಕ್ಷರ ಎದ್ದು ಬರ್ತದೆ. ಕಾಗದ ತಿರುಗಿಸಿ ಹಿಂದಿನಿಂದ ಗೆರೆ ಉಬ್ಬಿ ಕಂಡ್ರೆ, ಬೆಳಕಿಗೆ ಹಿಡಿದಾಗ ತೂತು ಕಂಡ್ರೆ ಜಾಸ್ತಿ ಆಗಿದೆ. ಒಂದು ಬದಿ ಗೀರು ಆಳ, ಇನ್ನೊಂದು ಬದಿ ತೆಳು ಇದ್ರೆ ತಪ್ಪು ಬ್ಲೇಡಲ್ಲಿ ಅಲ್ಲ, ಬ್ಲೇಡು ಓಡುವ ದಾರಿಯ ಅಡಿಯಲ್ಲಿ ಅಂಟಿಸಿದ ಪಟ್ಟಿಯಲ್ಲಿ. ಮೂಲೆಯಲ್ಲಿ ಮಾತ್ರ ಕಾಗದ ಚುಚ್ಚಿ ಹೋಗಿದ್ರೆ ತಪ್ಪು ಆಫ್‌ಸೆಟ್‌ನಲ್ಲಿ ಅಥವಾ ಹೋಲ್ಡರ್ ಒಳಗಿನ ಬೇರಿಂಗ್‌ನಲ್ಲಿ, ಎರಡನ್ನೂ ಮುಂದೆ ಹೇಳ್ತೇನೆ. ಈ ಪುಟದಲ್ಲಿ ಮುಂದೆ ಹೇಳುದೆಲ್ಲ ಈ ಕಾಗದವನ್ನ ನೋಡಿಯೇ ಹೇಳುದು, ಹಾಗಾಗಿ ವೇಸ್ಟ್ ಕಾಗದವನ್ನ ಮುದ್ದೆ ಮಾಡಿ ಬಿಸಾಡುವ ಮೊದಲು ಒಂದ್ಸಲ ಬಿಡಿಸಿ ನೋಡುವ ಅಭ್ಯಾಸ ಮಾಡ್ಕೊಳ್ಳಿ.

ಬ್ಲೇಡು ಹೋಲ್ಡರ್‌ನಿಂದ ಎಷ್ಟು ಹೊರಗೆ ಇರ್ಬೇಕು?

ನನಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಕಡೆಗೆ ಇಲ್ಲಿಗೇ ಬಂದು ನಿಲ್ಲುದು. ಹೊಸಬರು ಬ್ಲೇಡನ್ನ ಎದ್ದು ಕಾಣುವಷ್ಟು ಹೊರಗೆ ಬಿಟ್ಟಿರ್ತಾರೆ, ಕಣ್ಣಿಗೆ ಕಂಡ್ರೆ ತಾನೆ ಕಟ್ ಆಗುದು ಅಂತ ಲೆಕ್ಕ. ಹಾಗಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್, ಸಾಮಾನ್ಯ ವಿನೈಲ್‌ಗೆ ಬ್ಲೇಡಿನ ಮೊನೆ ಅದರ ಅರ್ಧದಷ್ಟೂ ಹೊರಗೆ ಬರುವ ಅಗತ್ಯ ಇಲ್ಲ. ಉಗುರಿನ ಮೇಲೆ ಹೋಲ್ಡರನ್ನ ಹಗುರ ಎಳೆದ್ರೆ ಮೊನೆ ತಾಗಿದ ಹಾಗೆ ಆಗ್ಬೇಕು, ಕಣ್ಣಿಗೆ ಕಂಡೂ ಕಾಣದ ಹಾಗೆ ಇರ್ಬೇಕು.

ನಾನು ಮಾಡುದು ಹೀಗೆ. ಹೋಲ್ಡರನ್ನ ಮೆಷಿನ್ನಿಂದ ಬಿಚ್ಚಿ ಪೆನ್ನಿನ ಹಾಗೆ ನೆಟ್ಟಗೆ ಹಿಡಿದು, ಅದೇ ವಿನೈಲ್‌ನ ಒಂದು ತುಂಡಿನ ಮೇಲೆ ಗಟ್ಟಿಯಾಗಿ ಒತ್ತಿ ಒಂದು ಗೆರೆ ಎಳೀತೇನೆ. ಎಷ್ಟು ಒತ್ತಿದ್ರೂ ಕಾಗದ ತುಂಡಾಗ್ಬಾರ್ದು, ಫಿಲ್ಮ್ ಮಾತ್ರ ಕೊಯ್ಬೇಕು. ಕಾಗದ ಹರಿದ್ರೆ ಹೋಲ್ಡರ್ ತಿರುಪನ್ನ ಸ್ವಲ್ಪ ತಿರುಗಿಸಿ ಬ್ಲೇಡು ಒಳಗೆ ಹಾಕುದು, ಫಿಲ್ಮೇ ಕಟ್ ಆಗದಿದ್ರೆ ಹೊರಗೆ ತೆಗೆಯುದು. ಹೀಗೆ ಸೆಟ್ ಮಾಡಿದ್ರೆ ಹೋಲ್ಡರ್‌ನ ಮೂಗು ಶೀಟಿನ ಮೇಲೆ ಕೂತು ಜಾರ್ತಾ ಹೋಗ್ತದೆ, ಬ್ಲೇಡು ಅದಕ್ಕಿಂತ ಆಳಕ್ಕೆ ಹೋಗ್ಲಿಕ್ಕೆ ಆಗುದೇ ಇಲ್ಲ, ಆಮೇಲೆ ಫೋರ್ಸ್, ಅಂದ್ರೆ ಮೆಷಿನ್ ಬ್ಲೇಡನ್ನ ಒತ್ತುವ ಭಾರ, ನಾಲ್ಕು ಗ್ರಾಂ ಆಚೀಚೆ ಆದ್ರೂ ಕಾಗದಕ್ಕೆ ಏನೂ ಆಗುದಿಲ್ಲ. ಬ್ಲೇಡು ಉದ್ದ ಹೊರಗೆ ಇಟ್ರೆ ಎಲ್ಲ ಭಾರ ಮೊನೆ ಮೇಲೆ ಬಿದ್ದು ಅದು ಬೇಗ ಮುರೀತದೆ, ಅಡಿಯ ಬಿಳಿ ಪಟ್ಟಿಯೂ ಹಾಳು, ಶೀಟೂ ಎಳೆದುಕೊಂಡು ಬರ್ತದೆ.

ಮೆಷಿನ್ ಕೊಟ್ಟವರು ಸೆಟ್ ಮಾಡಿಯೇ ಕೊಟ್ಟಿದ್ದಾರೆ ಅಂತ ನಂಬಿ ಕೂರ್ಬೇಡಿ. ನನ್ನ ಮೊದಲನೇ ಮೆಷಿನ್ ತಂದುಕೊಟ್ಟವರು ಬ್ಲೇಡನ್ನ ಒಂದೂವರೆ ಮಿಲಿಮೀಟರ್ ಹೊರಗೆ ಬಿಟ್ಟು ಹೋಗಿದ್ರು, ಮೂರು ವಾರದಲ್ಲಿ ಪಟ್ಟಿ ಮೇಲೆ ಗದ್ದೆ ಉತ್ತ ಹಾಗೆ ಗೆರೆ ಬಿದ್ದಿತ್ತು, ತಪ್ಪು ಎಲ್ಲಿ ಅಂತ ಗೊತ್ತಾಗುವಾಗ ಒಂದು ರೋಲು ಪೂರ್ತಿ ವೇಸ್ಟ್ ಆಗಿತ್ತು.

30, 45, 60 ಡಿಗ್ರಿ ಬ್ಲೇಡು, ಯಾವುದು ತಗೊಳ್ಳುದು?

ದಿನನಿತ್ಯದ ಕೆಲಸಕ್ಕೆ 45. ದಪ್ಪ ಶೀಟು, ರಿಫ್ಲೆಕ್ಟಿವ್, ತುಂಬ ಸಣ್ಣ ಅಕ್ಷರ ಇದ್ದಾಗ 60, ಅದರ ಮೊನೆ ಕಡಿದಾಗಿ ಇಳಿಯುದರಿಂದ ತಿರುವಿನಲ್ಲಿ ಅಕ್ಕಪಕ್ಕ ಕೊಯ್ಯುದಿಲ್ಲ. 30 ನಾನು ಕೊಂಡದ್ದು ಒಂದೆರಡು ಸಲ ಮಾತ್ರ, ತೆಳು ಫಿಲ್ಮಿಗೆ ಆಗ್ತದೆ. ಬ್ಲೇಡಿನ ಮೇಲೆ ಬರುವ ಪ್ಲಾಸ್ಟಿಕ್ ಟೊಪ್ಪಿಯ ಬಣ್ಣ ನೋಡಿ ಡಿಗ್ರಿ ಹೇಳ್ತಾರೆ ಜನ, ಕಂಪೆನಿಯಿಂದ ಕಂಪೆನಿಗೆ ಬಣ್ಣ ಬೇರೆ ಇರ್ತದೆ, ಪ್ಯಾಕೆಟ್ ಓದಿ ತಗೊಳ್ಳಿ. ಮತ್ತೆ ರೋಲ್ಯಾಂಡ್, ಗ್ರಾಫ್ಟೆಕ್ ಅಂತ ಎರಡು ಪ್ಲಾಟರ್ ಕಂಪೆನಿ ಉಂಟು, ರೋಲ್ಯಾಂಡ್ ಟೈಪ್ ಹೋಲ್ಡರ್‌ಗೆ ಗ್ರಾಫ್ಟೆಕ್ ಬ್ಲೇಡು ಕೂರುದಿಲ್ಲ, ದಪ್ಪ ಬೇರೆ.

ಫೋರ್ಸ್ ಎಷ್ಟು ಇಡ್ಬೇಕು, ಸ್ಪೀಡ್ ಎಷ್ಟು?

ನಂಬರ್ ಹೇಳಿ ಅಂತ ಎಲ್ಲರೂ ಕೇಳ್ತಾರೆ. ನನ್ನ ಮೆಷಿನ್ನಲ್ಲಿ ಸಾಮಾನ್ಯ ಗ್ಲಾಸಿ ವಿನೈಲ್‌ಗೆ 45 ಡಿಗ್ರಿ ಬ್ಲೇಡಿನಲ್ಲಿ 80ರಿಂದ 120 ಗ್ರಾಂ ಒಳಗೆ ಕೆಲಸ ಮುಗೀತದೆ, ಬ್ಲೇಡು ಹೊಸದಿದ್ದಾಗ 80, ಹಳತಾದ ಹಾಗೆ ಏರಿಸ್ತಾ ಹೋಗುದು. ನಿಮ್ಮ ಮೆಷಿನ್ನಲ್ಲಿ ಬೇರೆಯೇ ಇರ್ಬಹುದು, ಪ್ಯಾನೆಲ್‌ನಲ್ಲಿ ತೋರಿಸುವ ಗ್ರಾಂ ಎಲ್ಲ ಮೆಷಿನ್ನಲ್ಲೂ ಒಂದೇ ತೂಕ ಅಲ್ಲ. ಹಾಗಾಗಿ ನಂಬರ್ ಸಾಲ ತಗೊಳ್ಳುದಕ್ಕಿಂತ ಟೆಸ್ಟ್ ಕಟ್ ಮಾಡುದು ಕಲಿಯಿರಿ.

ಟೆಸ್ಟ್ ಕಟ್‌ಗೆ 2 ಸೆಂಟಿಮೀಟರ್‌ನ ಒಂದು ಚೌಕ, ಅದರೊಳಗೆ ಒಂದು ವೃತ್ತ, ಪಕ್ಕದಲ್ಲಿ ಒಂದು ತ್ರಿಕೋಣ ಹಾಕಿ. ಕಮ್ಮಿ ಫೋರ್ಸಿನಿಂದ ಸುರು ಮಾಡಿ ಹತ್ತು ಹತ್ತು ಗ್ರಾಂ ಏರಿಸಿ. ವೃತ್ತ ಎಬ್ಬಿಸುವಾಗ ಚೌಕ ಅಲುಗಾಡದೆ ಕೂತಿರ್ಬೇಕು, ಚೌಕ ಎಬ್ಬಿಸುವಾಗ ನಾಲ್ಕೂ ಮೂಲೆ ಒಟ್ಟಿಗೆ ಬರ್ಬೇಕು. ಹಾಗೆ ಬಂದ ಮೊದಲ ನಂಬರ್ ಸಾಕು, ಇನ್ನೊಂದು ಚೂರು ಇರ್ಲಿ ಅಂತ ಮೇಲೆ ಹೋಗ್ಬೇಡಿ.

ಸ್ಪೀಡ್ ದೊಡ್ಡ ಅಕ್ಷರಕ್ಕೆ ಎಷ್ಟಾದ್ರೂ ನಡೀತದೆ, ಸೆಕೆಂಡಿಗೆ 300 ಮಿಲಿಮೀಟರ್ ಇದ್ರೂ ತೊಂದರೆ ಇಲ್ಲ. ಎರಡು ಇಂಚಿಗಿಂತ ಸಣ್ಣದಿದ್ರೆ 100ಕ್ಕೆ ಇಳಿಸಿ, ಇನ್ನೂ ಸಣ್ಣ ಲೋಗೋ ಇದ್ರೆ 50. ಓಡುವ ರಿಕ್ಷಾ ತಿರುವಿನಲ್ಲಿ ವಾಲುವ ಹಾಗೆ ಬ್ಲೇಡು ಕೂಡ ಸ್ಪೀಡಲ್ಲಿ ತಿರುಗುವಾಗ ಹೊರಗೆ ಎಳೀತದೆ.

ಮೂಲೆಗಳು ರೌಂಡ್ ಆಗ್ತವೆ, ಇಲ್ಲದಿದ್ರೆ ಕೊಂಬು ಬರ್ತದೆ. ಯಾಕೆ?

ಬ್ಲೇಡಿನ ಮೊನೆ ಹೋಲ್ಡರ್‌ನ ನಟ್ಟನಡುವೆ ಇರುದಿಲ್ಲ, ಸ್ವಲ್ಪ ಪಕ್ಕಕ್ಕೆ ಇರ್ತದೆ, ಟ್ರಾಲಿಯ ಚಕ್ರದ ಹಾಗೆ ಎಳೆದ ಕಡೆಗೆ ತಾನೇ ತಿರುಗ್ಲಿಕ್ಕೆ. ಆ ದೂರವೇ ಆಫ್‌ಸೆಟ್. ರೋಲ್ಯಾಂಡ್ ಟೈಪ್ ಬ್ಲೇಡಿಗೆ ಸಾಮಾನ್ಯವಾಗಿ 0.25 ಮಿಲಿಮೀಟರ್. ಸಾಫ್ಟ್‌ವೇರ್‌ನಲ್ಲಿ ಹಾಕಿದ್ದು ಇದಕ್ಕಿಂತ ಕಮ್ಮಿ ಇದ್ರೆ ಮೂಲೆ ಉರುಟಾಗ್ತದೆ, ಜಾಸ್ತಿ ಇದ್ರೆ ಮೂಲೆ ದಾಟಿ ಹೊರಗೆ ಹೋಗಿ ಕೊಂಬಿನ ಹಾಗೆ ಚೂಪು ಬರ್ತದೆ. 0.05ರ ಲೆಕ್ಕದಲ್ಲಿ ಬದಲಾಯಿಸಿ ಚೌಕ ಕಟ್ ಮಾಡಿ ನೋಡಿ. ಮೆಷಿನ್ನಲ್ಲೂ ಆಫ್‌ಸೆಟ್ ಇದ್ದು ಸಾಫ್ಟ್‌ವೇರಲ್ಲೂ ಹಾಕಿದ್ರೆ ಎರಡು ಸಲ ಲೆಕ್ಕ ಆಗಿ ಇನ್ನೂ ಕೆಡ್ತದೆ, ಒಂದು ಕಡೆ ಮಾತ್ರ ಇಡಿ.

ಸುರು ಮಾಡಿದ ಜಾಗಕ್ಕೂ ಮುಗಿದ ಜಾಗಕ್ಕೂ ಗೆರೆ ಕೂಡುದಿಲ್ಲ, ಸೊನ್ನೆಯಲ್ಲಿ ಸಣ್ಣ ಬಾಗಿಲು ಉಳೀತದೆ

ಕೂದಲೆಳೆಯಷ್ಟು ಬಿಟ್ಟಿದ್ರೆ ಸಾಫ್ಟ್‌ವೇರಲ್ಲಿ ಓವರ್‌ಕಟ್ ಆನ್ ಮಾಡಿ, ಮುಗಿದ ಮೇಲೆ ಅರ್ಧ ಮಿಲಿಮೀಟರ್ ಮುಂದೆ ಹೋಗಿ ನಿಲ್ತದೆ. ಜಾಸ್ತಿ ಬಿಟ್ಟಿದ್ರೆ ಓವರ್‌ಕಟ್‌ನಿಂದ ಮುಚ್ಲಿಕ್ಕೆ ಹೋಗ್ಬೇಡಿ, ಅಲ್ಲಿ ಏನೋ ಅಲುಗಾಡ್ತಾ ಉಂಟು. ಮೊದಲು ಹೋಲ್ಡರ್ ಹಿಡಿದಿಡುವ ಸ್ಕ್ರೂ ನೋಡಿ, ಆಮೇಲೆ ಬ್ಲೇಡು ಹೋಲ್ಡರ್ ಒಳಗೆ ಸಲೀಸಾಗಿ ತಿರುಗ್ತದಾ ಅಂತ ಬೆರಳಲ್ಲಿ ಮೆಲ್ಲ ತಿರುಗಿಸಿ ನೋಡಿ. ವಿನೈಲ್‌ನ ನೂಲಿನಂಥ ಚೂರು, ಗಮ್ಮು ಒಳಗೆ ಸೇರಿ ಬೇರಿಂಗ್ ಹಿಡಿದುಬಿಡ್ತದೆ. ಬ್ಲೇಡು ತೆಗೆದು ಒಳಗೆ ಗಾಳಿ ಊದಿ, ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ಹನಿ. ಕಡಲ ಹತ್ತಿರದ ಅಂಗಡಿಯವರು ಇದನ್ನ ತಿಂಗಳಿಗೊಮ್ಮೆ ಮಾಡ್ಲೇಬೇಕು, ಉಪ್ಪು ಗಾಳಿಗೆ ಆ ಸಣ್ಣ ಬೇರಿಂಗು, ಸ್ಪ್ರಿಂಗು ಎರಡೂ ತುಕ್ಕು ಹಿಡೀತದೆ. ನಾನು ರಾತ್ರಿ ಅಂಗಡಿ ಮುಚ್ಚುವಾಗ ಹೋಲ್ಡರ್ ಬಿಚ್ಚಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟು ಹೋಗುದು.

ಎಡ ಬದಿ ಚೆಂದ ಕಟ್ ಆಗ್ತದೆ, ಬಲ ಬದಿ ಆಗುದೇ ಇಲ್ಲ

ಬ್ಲೇಡು ಓಡುವ ದಾರಿಯ ಅಡಿಯಲ್ಲಿ ಒಂದು ಉದ್ದದ ಪಟ್ಟಿ ಅಂಟಿಸಿರ್ತಾರೆ, ಕಟಿಂಗ್ ಸ್ಟ್ರಿಪ್ ಅಂತ. ಅದರ ಮೇಲೆ ಉಗುರು ಎಳೆದು ನೋಡಿ, ಗುಂಡಿ ಸಿಕ್ಕಿದ್ರೆ ಆ ಜಾಗದಲ್ಲಿ ಬ್ಲೇಡಿಗೆ ಅಡಿಯಿಂದ ಆಧಾರ ಇಲ್ಲ. ಸಣ್ಣ ಕೆಲಸ ಎಲ್ಲರೂ ಒಂದೇ ಬದಿಯಲ್ಲಿ ಹಾಕಿ ಹಾಕಿ ಆ ಬದಿ ಮಾತ್ರ ಸವೆದಿರ್ತದೆ. ಪಟ್ಟಿ ಬದಲಾಯಿಸುದು ದೊಡ್ಡ ಖರ್ಚಲ್ಲ, ಹಳೆ ಗಮ್ಮನ್ನ ಪೂರ್ತಿ ಒರೆಸಿ ಹೊಸತನ್ನ ಎಳೆಯದೆ ಅಂಟಿಸಿ. ಪಟ್ಟಿ ಸರಿ ಇದ್ದು ಆದ್ರೂ ಹೀಗಾದ್ರೆ ಮೆಷಿನ್ ಸ್ಟ್ಯಾಂಡ್ ಓರೆ ಉಂಟಾ ನೋಡಿ.

ಕನ್ನಡ ಅಕ್ಷರ ಕಟ್ ಮಾಡಿದ್ರೆ ಅಕ್ಷರದ ಒಳಗೆಲ್ಲ ಗೆರೆ ಬೀಳ್ತದೆ, ಇಂಗ್ಲಿಷಲ್ಲಿ ಹಾಗಾಗುದಿಲ್ಲ

ಬೇರೆ ಕಡೆಯ ವಿಡಿಯೋ ನೋಡಿದ್ರೆ ಇದಕ್ಕೆ ಉತ್ತರ ಸಿಗುದೇ ಇಲ್ಲ, ಯಾಕಂದ್ರೆ ಅವರಿಗೆ ಈ ಕಷ್ಟ ಇಲ್ಲ. ನುಡಿ ಥರದ ಹಳೆ ಫಾಂಟ್‌ಗಳಲ್ಲಿ ಒಂದು ಅಕ್ಷರ ಒಂದೇ ತುಂಡಲ್ಲ, ಮೂಲ ಅಕ್ಷರ ಒಂದು, ಅದರ ಮೇಲೆ ಗುಡಿಸು, ಕೊಂಬು, ಒತ್ತು ಬೇರೆ ಬೇರೆ ತುಂಡಾಗಿ ಒಂದರ ಮೇಲೊಂದು ಕೂತಿರ್ತವೆ. ಪ್ರಿಂಟ್ ತೆಗೆದ್ರೆ ಕಪ್ಪು ಮೇಲೆ ಕಪ್ಪು, ಏನೂ ಗೊತ್ತಾಗುದಿಲ್ಲ. ಆದ್ರೆ ಪ್ಲಾಟರ್ ಗೆರೆ ಮಾತ್ರ ನೋಡುದು, ಎರಡು ತುಂಡು ಕೂಡುವಲ್ಲಿ ಎರಡರ ಅಂಚನ್ನೂ ಕೊಯ್ದುಬಿಡ್ತದೆ.

ಕೋರಲ್ ಡ್ರಾ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಮೇಲೆ ಅಕ್ಷರವನ್ನ ಕರ್ವ್‌ಗೆ, ಅಂದ್ರೆ ಬರೀ ಗೆರೆಗೆ ಬದಲಾಯಿಸಿ, ಬಿಡಿಸಿ, ಆಮೇಲೆ ಒಂದು ಅಕ್ಷರಕ್ಕೆ ಸೇರಿದ ತುಂಡುಗಳನ್ನ ಆರಿಸಿ ವೆಲ್ಡ್ ಮಾಡಿ, ಅಂದ್ರೆ ಒಂದೇ ತುಂಡಾಗಿ ಕೂಡಿಸಿ. ಇಡೀ ಸಾಲನ್ನ ಒಟ್ಟಿಗೆ ವೆಲ್ಡ್ ಮಾಡಿದ್ರೂ ಆಗ್ತದೆ, ಆದ್ರೆ ಮಾಡಿದ ಮೇಲೆ ವಯರ್‌ಫ್ರೇಮ್ ವ್ಯೂ ಹಾಕಿ ನೋಡ್ಲೇಬೇಕು, ಬಣ್ಣ ಹೋಗಿ ಬರೀ ಗೆರೆ ಕಾಣ್ತದಲ್ಲ, ಬ್ಲೇಡಿಗೆ ಕಾಣುದು ಅದೇ. ಯೂನಿಕೋಡ್ ಫಾಂಟ್ ಆದ್ರೂ ಇದು ತಪ್ಪಿದ್ದಲ್ಲ, ಕೆಲವು ಫಾಂಟ್‌ನಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಿಕೊಂಡಿರ್ತದೆ.

ಇನ್ನೊಂದು, ಸೈಜಿನ ವಿಷಯ. ಇಂಗ್ಲಿಷ್ ಅಕ್ಷರ 6 ಮಿಲಿಮೀಟರ್ ಎತ್ತರದಲ್ಲಿ ಕ್ಲೀನಾಗಿ ಬರ್ತದೆ ಅಂತ ಕನ್ನಡವನ್ನೂ ಅದೇ ಎತ್ತರಕ್ಕೆ ಹಾಕಿದ್ರೆ ಒತ್ತಕ್ಷರ ಅದರ ಅರ್ಧವೂ ಇರುದಿಲ್ಲ, ವೇಸ್ಟ್ ತೆಗೆಯುವಾಗ ಎದ್ದು ಹೋಗ್ತದೆ. ನಾನು ಕನ್ನಡಕ್ಕೆ 12 ಮಿಲಿಮೀಟರ್‌ಗಿಂತ ಕೆಳಗೆ ಒಪ್ಪುದಿಲ್ಲ, ತೆಳು ಗೆರೆ ಎಲ್ಲೂ 1 ಮಿಲಿಮೀಟರ್‌ಗಿಂತ ಸಣ್ಣ ಇರ್ಬಾರ್ದು. ಧ, ಢ, ಫ, ಭ ಇದರ ಹೊಟ್ಟೆ ಸೀಳು, ಥದ ಒಳಗಿನ ಚುಕ್ಕೆ ಇವನ್ನ ವಿಶೇಷವಾಗಿ ನೋಡಿ. ಒಂದ್ಸಲ ಬೋಟಿಗೆ ಧನಲಕ್ಷ್ಮಿ ಅಂತ ಕಟ್ ಮಾಡುವಾಗ ಧದ ಸೀಳು ಎದ್ದು ಹೋದದ್ದು ನನಗೆ ಗೊತ್ತಾಗ್ಲಿಲ್ಲ, ಅಂಟಿಸಿ ಆದ ಮೇಲೆ ಯಜಮಾನ್ರ ಮಗಳು, ಐದನೇ ಕ್ಲಾಸಿನ ಹುಡುಗಿ, ನೋಡಿ ಹೇಳಿದ್ದು, ಅಣ್ಣ ಇದು ದನ ಆಗಿದೆ ಅಂತ. ಅದೇ ದಿನ ಕಿತ್ತು ಹೊಸತು ಹಾಕಿ ಕೊಟ್ಟೆ. ದೇವರ ಹೆಸರು, ಮನೆಯವರ ಹೆಸರು ಬರೆಯುವ ಕೆಲಸ ಇದು, ಒಂದು ಸೀಳು ಹೋದ್ರೂ ಹೋದ ಹಾಗೆಯೇ. ಫಾಂಟ್ ಆರಿಸುವಾಗಲೇ ಸೀಳು ದಪ್ಪ ಇರುವ ಫಾಂಟ್ ಆರಿಸಿ, ಇಲ್ಲದಿದ್ರೆ ಗೆರೆಯ ಮೇಲಿನ ಬಿಂದುಗಳನ್ನ, ಅಂದ್ರೆ ನೋಡ್ ಎಳೆದು ದಪ್ಪ ಮಾಡಿ.

ಈಗ ತುಳು ಲಿಪಿಯಲ್ಲಿ ಹೆಸರು ಬೇಕು ಅಂತ ಬರುವವರು ಕೂಡ ಉಂಟು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು ತಿಗಳಾರಿ ಲಿಪಿ ಸೇರಿದೆ. ಅದಕ್ಕೂ ಇದೇ ಕ್ರಮ, ಕರ್ವ್, ವೆಲ್ಡ್, ವಯರ್‌ಫ್ರೇಮ್. ಅಕ್ಷರ ಸರಿ ಉಂಟಾ ಅಂತ ಮಾತ್ರ ಲಿಪಿ ಗೊತ್ತಿದ್ದವರಿಗೆ ತೋರಿಸಿಯೇ ಕಟ್ ಮಾಡಿ.

ವಾಟ್ಸಾಪಲ್ಲಿ ಬಂದ ಲೋಗೋ ಟ್ರೇಸ್ ಮಾಡಿ ಹಾಕಿದ್ರೆ ಅಂಚು ಗರಗಸದ ಹಾಗೆ ಬರ್ತದೆ

ಫೋಟೋ ಸಣ್ಣದಿದ್ದು ಅದನ್ನ ಟ್ರೇಸ್ ಮಾಡಿ ಗೆರೆಗೆ ಬದಲಾಯಿಸಿದಾಗ ಒಂದು ವಕ್ರರೇಖೆಗೆ ನಾಲ್ಕು ನೋಡ್ ಸಾಕಾಗುವಲ್ಲಿ ನಲವತ್ತು ಬಿದ್ದಿರ್ತದೆ, ಮೆಷಿನ್ ಪ್ರತಿಯೊಂದು ನೋಡಿನಲ್ಲೂ ನಿಂತು ನಿಂತು ಹೋಗ್ತದೆ, ಟರ್‌ರ್ ಅಂತ ಸೌಂಡ್ ಕೇಳಿದ್ರೆ ಇದೇ. ನೋಡ್ ಕಮ್ಮಿ ಮಾಡಿ, ಸ್ಮೂತ್ ಮಾಡಿ, ಅದೂ ಸರಿ ಬಾರದಿದ್ರೆ ಫೋಟೋ ಅಡಿಯಲ್ಲಿ ಇಟ್ಟು ಕೈಯಲ್ಲೇ ಗೆರೆ ಎಳೆಯಿರಿ, ಒಂದು ಲೋಗೋಗೆ ಅರ್ಧ ಗಂಟೆ ಹೋಗ್ತದೆ, ಆದ್ರೆ ಆಮೇಲೆ ಯಾವತ್ತಿಗೂ ಅದು ನಿಮ್ಮ ಹತ್ರ ಕ್ಲೀನಾಗಿ ಉಂಟು. ಔಟ್‌ಲೈನಿಗೆ ದಪ್ಪ ಕೊಟ್ಟಿದ್ರೆ ಕೆಲವು ಸಾಫ್ಟ್‌ವೇರ್ ಅದರ ಎರಡೂ ಬದಿ ಕಟ್ ಮಾಡ್ತದೆ, ಹೇರ್‌ಲೈನ್ ಇಡಿ.

ಮಳೆಗಾಲದಲ್ಲಿ ಮಾತ್ರ ಕಟ್ ಕೆಡ್ತದೆ, ಬೇಸಿಗೆಯಲ್ಲಿ ಇದೇ ಸೆಟ್ಟಿಂಗ್ ಸರಿ ಇತ್ತು

ಬ್ಲೇಡು ಅದೇ, ಮೆಷಿನ್ ಅದೇ, ಕಾಗದ ಮಾತ್ರ ಅದೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಗಾಳಿಯಲ್ಲೇ ನೀರು, ಹಪ್ಪಳ ಹೊರಗಿಟ್ರೆ ಹತ್ತು ನಿಮಿಷದಲ್ಲಿ ಮೆತ್ತಗಾಗುವ ಹಾಗೆ ಶೀಟಿನ ಅಡಿಯ ಕಾಗದ ಕೂಡ ತೇವ ಎಳ್ಕೊಳ್ತದೆ. ಎಳ್ಕೊಂಡ ಕಾಗದ ಹಿಗ್ತದೆ, ಮೇಲಿನ ಪ್ಲಾಸ್ಟಿಕ್ ಫಿಲ್ಮ್ ಹಿಗ್ಗುದಿಲ್ಲ, ಆಗ ಶೀಟು ಅಂಚಿನಲ್ಲಿ ಅಲೆ ಅಲೆ ಏಳ್ತದೆ, ಅಲ್ಲಲ್ಲಿ ಫಿಲ್ಮು ಕಾಗದ ಬಿಟ್ಟು ಸುರಂಗದ ಹಾಗೆ ಉಬ್ತದೆ. ಅಲೆಯ ಮೇಲೆ ಬ್ಲೇಡು ಹೋಗುವಾಗ ಎತ್ತರದಲ್ಲಿ ಆಳ ಕಟ್, ತಗ್ಗಿನಲ್ಲಿ ಕಟ್ಟೇ ಇಲ್ಲ. ಕಾಗದ ಮೆತ್ತಗಾಗಿರುದರಿಂದ ಸ್ವಲ್ಪ ಜಾಸ್ತಿ ಫೋರ್ಸಿಗೇ ಹರೀತದೆ ಕೂಡ.

ಮತ್ತೆ ನಮ್ಮ ಕಷ್ಟ ಏನಂದ್ರೆ ಬೋಟಿನ ಕೆಲಸ ಬರುದೇ ಈ ಟೈಮಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ, ಅಂದ್ರೆ ಬಂದರಿನ ಕಟ್ಟೆಯಲ್ಲಿ ನಿಂತಿರ್ತವೆ, ಪೈಂಟ್ ಆಗುದು ಹೆಸರು ಹಾಕುದು ಎಲ್ಲ ಆವಾಗಲೇ. ಜುಲೈ ಕೊನೇ ವಾರದಲ್ಲಿ ಎಲ್ಲರಿಗೂ ಒಟ್ಟಿಗೆ ಅರ್ಜೆಂಟು. ಒಣ ಸೀಸನ್ ಬರ್ಲಿ ಅಂತ ಕಾಯುವ ಹಾಗಿಲ್ಲ.

ಹಾಗಾಗಿ ನಾನು ಮಾಡುದು ಇಷ್ಟು. ರೋಲು ಬಂದ ಪ್ಲಾಸ್ಟಿಕ್ ಕವರನ್ನ ಬಿಸಾಡುದಿಲ್ಲ, ಕಟ್ ಮುಗಿದ ಕೂಡ್ಲೆ ರೋಲನ್ನ ಅದೇ ಕವರಿಗೆ ಹಾಕಿ ಬಾಯಿ ಕಟ್ಟಿ ನೆಟ್ಟಗೆ ನಿಲ್ಲಿಸಿಡುದು, ನೆಲದ ಮೇಲೆ ಅಲ್ಲ, ಹಲಗೆ ಮೇಲೆ. ಮೆಷಿನ್ ಇರುವ ಕೋಣೆಗೆ ಎಸಿ ಹಾಕಿಸಿದ್ದೇನೆ, ಅದು ನನ್ನ ಸುಖಕ್ಕಲ್ಲ, ಕಾಗದಕ್ಕೆ. ರೋಲನ್ನ ಹಿಂದಿನ ದಿನವೇ ಆ ಕೋಣೆಗೆ ತಂದಿಡ್ತೇನೆ, ಹೊರಗಿಂದ ತಂದ ಕೂಡ್ಲೆ ಕಟ್ ಮಾಡುದಿಲ್ಲ. ಹೊರಗಿನ ಎರಡು ಸುತ್ತು ಅಲೆ ಎದ್ದಿದ್ರೆ ಅದನ್ನ ಸಣ್ಣ ಕೆಲಸಕ್ಕೆ ಕೊಯ್ದು ಇಟ್ಟು ಒಳಗಿನ ಸುತ್ತನ್ನ ಬಳಸ್ತೇನೆ. ಟೆಸ್ಟ್ ಕಟ್ ಬೇಸಿಗೆಯಲ್ಲಿ ರೋಲು ಬದಲಾದಾಗ ಮಾತ್ರ, ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ. ಕಾಗದದ ಎರಡೂ ಬದಿ ಪ್ಲಾಸ್ಟಿಕ್ ಲೇಪ ಇರುವ ಶೀಟು ಸಿಗ್ತದೆ, ರೇಟು ಸ್ವಲ್ಪ ಜಾಸ್ತಿ, ಮಳೆಗಾಲಕ್ಕೆ ಅದನ್ನೇ ತರಿಸಿ ಇಟ್ಕೊಳ್ಳಿ.

ಎಪ್ರಿಲ್ ಮೇ ಸೆಖೆಯ ಕಷ್ಟ ಬೇರೆ, ಗಮ್ಮು ಕರಗಿ ಕಟ್ ಆದ ಗೆರೆಯಲ್ಲಿ ಪುನಃ ಕೂಡಿಕೊಳ್ತದೆ. ಕಟ್ ಮಾಡಿ ನಾಳೆ ವೇಸ್ಟ್ ತೆಗೀತೇನೆ ಅಂತ ಇಡ್ಬೇಡಿ, ಆಗ್ಲೇ ತೆಗೆಯಿರಿ.

ಬಸ್ಸಿನ ಬದಿಗೆ ಉದ್ದದ ಹೆಸರು ಕಟ್ ಮಾಡುವಾಗ ಎರಡು ಮೀಟರ್ ದಾಟಿದ ಮೇಲೆ ಓರೆ ಹೋಗ್ತದೆ

ರೋಲಿನಿಂದ ಮೆಷಿನ್ನೇ ಎಳ್ಕೊಳ್ಳಿ ಅಂತ ಬಿಟ್ರೆ ಹಾಗೆ ಆಗುದು. ಕಟ್ ಆಗುವಷ್ಟು ಉದ್ದವನ್ನ ಮೊದಲೇ ಬಿಚ್ಚಿ ಹಿಂದೆ ಸಡಿಲವಾಗಿ ಬಿಡಿ. ಶೀಟನ್ನ ಮೇಲಿಂದ ಒತ್ತಿ ಹಿಡಿಯುವ ಪಿಂಚ್ ರೋಲರ್‌ಗಳು ಅಡಿಯ ಒರಟು ರೋಲರ್ ಮೇಲೇ ಕೂತಿರ್ಬೇಕು, ಶೀಟಿನ ಎರಡೂ ಅಂಚಿನಿಂದ ಒಂದೊಂದು ಇಂಚು ಒಳಗೆ, ಎರಡೂ ಬದಿ ಒಂದೇ ಒತ್ತಡ. ಲೋಡ್ ಮಾಡಿದ ಮೇಲೆ ಬಟನ್ ಒತ್ತಿ ಕಟ್ ಉದ್ದದಷ್ಟು ಮುಂದೆ ಹಿಂದೆ ಒಮ್ಮೆ ಓಡಿಸಿ ನೋಡಿ, ಅಂಚು ಸ್ಕೇಲಿನಲ್ಲಿ ಒಂದೇ ಗುರುತಿಗೆ ವಾಪಸ್ ಬರ್ಬೇಕು. ಒರಟು ರೋಲರಲ್ಲಿ ಗಮ್ಮು, ಧೂಳು ತುಂಬಿದ್ರೆ ಹಲ್ಲುಜ್ಜುವ ಹಳೆ ಬ್ರಶ್ಶಲ್ಲಿ ತಿಕ್ಕಿ. ಅಷ್ಟಾದ್ರೂ ಮೂರು ಮೀಟರ್ ಹೆಸರನ್ನ ಒಂದೇ ತುಂಡಲ್ಲಿ ಹಾಕುದಕ್ಕಿಂತ ಅಕ್ಷರ ಅಕ್ಷರದ ನಡುವೆ ಬಿಡಿಸಿ ಎರಡು ತುಂಡು ಮಾಡುದು ಬುದ್ಧಿವಂತಿಕೆ.

ಅಳತೆಯೇ ತಪ್ಪಿದ್ರೆ, ಅಂದ್ರೆ 300 ಮಿಲಿಮೀಟರ್ ಚೌಕ ಹಾಕಿ 298 ಬಂದ್ರೆ, ಅದು ಓರೆಯ ಸಮಸ್ಯೆ ಅಲ್ಲ. ಕಂಪ್ಯೂಟರ್ ಪ್ಲಾಟರಿಗೆ ಹೇಳುವ ಎಚ್‌ಪಿಜಿಎಲ್ ಭಾಷೆಯಲ್ಲಿ ಒಂದು ಹೆಜ್ಜೆ ಅಂದ್ರೆ 0.025 ಮಿಲಿಮೀಟರ್, ಒಂದು ಮಿಲಿಮೀಟರಿಗೆ 40 ಹೆಜ್ಜೆ. ಸಾಫ್ಟ್‌ವೇರ್‌ನ ಸ್ಕೇಲ್ ಸೆಟ್ಟಿಂಗಲ್ಲಿ ಅಡ್ಡ ಉದ್ದ ಎರಡನ್ನೂ ಅಳೆದು ಸರಿ ಮಾಡಿ.

ಕಟ್ ಆಗ್ತಾ ಆಗ್ತಾ ನಡುವೆ ನಿಲ್ತದೆ, ಇಲ್ಲದಿದ್ರೆ ಎಲ್ಲಿಗೋ ಒಂದು ಅಡ್ಡಗೆರೆ ಎಳೆದು ಹೋಗ್ತದೆ

ಯುಎಸ್‌ಬಿ ಕೇಬಲ್ ಮತ್ತು ಅರ್ಥಿಂಗ್. ಕೇಬಲ್ 2 ಮೀಟರ್‌ಗಿಂತ ಉದ್ದ ಬೇಡ, ಕರೆಂಟ್ ವಯರ್ ಜೊತೆ ಸುತ್ತಿಡ್ಬೇಡಿ. ಅರ್ಥಿಂಗ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಕಂಪ್ಯೂಟರಿಗೂ ಮೆಷಿನ್ನಿಗೂ ಒಂದೇ ಬೋರ್ಡಿಂದ ಕರೆಂಟ್ ಕೊಡಿ. ಕಂಪ್ಯೂಟರ್ ಸ್ಲೀಪ್ ಆಗುದನ್ನ ಆಫ್ ಮಾಡಿ. ಗುಡುಗು ಸಿಡಿಲು ಇದ್ದಾಗ ಪ್ಲಗ್ಗೇ ತೆಗೀರಿ.

ವೇಸ್ಟ್ ತೆಗೆಯುವಾಗ ಅಕ್ಷರ ಎದ್ದು ಬರ್ತದೆ

ಕಟ್ ಸರಿ ಇದ್ದೂ ಬರ್ತದೆ ಅಂದ್ರೆ ಎಳೆಯುವ ಕ್ರಮ ತಪ್ಪು. ಮೇಲಕ್ಕೆ ಎತ್ತಿ ಎಳೀಬೇಡಿ, ವೇಸ್ಟನ್ನ ಹಿಂದಕ್ಕೆ ಮಡಚಿ ಶೀಟಿಗೆ ತಾಗಿದ ಹಾಗೆಯೇ ಓರೆಯಾಗಿ ಮೆಲ್ಲ ಎಳೆಯಿರಿ. ಕೆಲಸದ ಸುತ್ತ ಒಂದು ಚೌಕ ಹಾಕಿ ಕಟ್ ಮಾಡಿದ್ರೆ ಎಲ್ಲಿಂದ ಸುರು ಮಾಡುದು ಅಂತ ಹುಡುಕ್ಬೇಕಾಗಿಲ್ಲ, ದೊಡ್ಡ ಕೆಲಸ ಇದ್ರೆ ಸಾಲುಗಳ ನಡುವೆ ಅಡ್ಡಗೆರೆ ಹಾಕಿ ವೇಸ್ಟನ್ನ ತುಂಡು ತುಂಡಾಗಿ ತೆಗೀರಿ. ಹೊಟ್ಟೆ ಒಳಗಿನ ಚೂರುಗಳನ್ನ ಕೊನೆಗೆ ಟ್ವೀಝರ್‌ನಲ್ಲಿ. ಎದುರಿಗೆ ಲೈಟ್ ಇಟ್ಟು ಓರೆಯಾಗಿ ಬೆಳಕು ಬೀಳುವ ಹಾಗೆ ಕೂತ್ರೆ ಗೆರೆ ಚೆಂದ ಕಾಣ್ತದೆ, ಕಪ್ಪು ಶೀಟಿಗೆ ಇದು ತುಂಬ ಮುಖ್ಯ.

ರಿಫ್ಲೆಕ್ಟಿವ್ ಶೀಟು ಕಟ್ ಮಾಡಿದ್ರೆ ಅಂಚು ಬಿರುಕು ಬಿಡ್ತದೆ

60 ಡಿಗ್ರಿ ಬ್ಲೇಡು, ಸ್ಪೀಡ್ ಅರ್ಧ, ಫೋರ್ಸ್ ಒಂದೇ ಸಲಕ್ಕೆ ಜಾಸ್ತಿ ಮಾಡುದಕ್ಕಿಂತ ಎರಡು ಸಲ ಓಡಿಸಿ. ಈ ಶೀಟಿನ ಒಳಗೆ ಬಹಳ ಸಣ್ಣ ಗಾಜಿನ ಮಣಿಗಳು ಇರ್ತವೆ, ಬೆಳಕನ್ನ ವಾಪಸ್ ಕಳಿಸುದು ಅವೇ, ಬ್ಲೇಡು ಬೇಗ ಮೊಂಡಾಗುದು ಕೂಡ ಅವುಗಳಿಂದಲೇ. ಅದಕ್ಕೆ ಒಂದು ಬ್ಲೇಡನ್ನ ಬೇರೆಯೇ ಇಟ್ಕೊಳ್ಳಿ.

ಲೇಸರ್ ಮೆಷಿನ್ ಉಂಟು, ಅದರಲ್ಲೇ ವಿನೈಲ್ ಕಟ್ ಮಾಡ್ಬಹುದಾ?

ಮಾಡ್ಲೇಬೇಡಿ. ಪಿವಿಸಿ ಸುಟ್ರೆ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರ್ತದೆ, ಶ್ವಾಸಕೋಶಕ್ಕೂ ಕೆಟ್ಟದು, ಗಾಳಿಯ ತೇವದಲ್ಲಿ ಆಸಿಡ್ ಆಗಿ ಮೆಷಿನ್ನಿನ ಲೋಹವನ್ನೂ ತಿಂತದೆ.

ನಂಬರ್ ಪ್ಲೇಟ್ ಕಟ್ ಮಾಡಿ ಕೊಡ್ಬಹುದಾ?

2019ರ ಎಪ್ರಿಲ್ 1ರ ನಂತರದ ಹೊಸ ವಾಹನಗಳಿಗೆ ಹೈ ಸೆಕ್ಯುರಿಟಿ ಪ್ಲೇಟ್ ಕಡ್ಡಾಯ, ಅದಕ್ಕೆ ಸ್ಟಿಕ್ಕರ್ ಬದಲಿ ಆಗುದಿಲ್ಲ. ಎಷ್ಟು ಪರಿಚಯದವರು ಬಂದು ಕೇಳಿದ್ರೂ ನಾನು ಇಲ್ಲ ಅಂತಲೇ ಹೇಳುದು.

ಒಂದು ಬ್ಲೇಡು ಎಷ್ಟು ದಿನ ಬರ್ತದೆ?

ದಿನದ ಲೆಕ್ಕ ಸಿಗುದಿಲ್ಲ. ಮೊದಲು 80ರಲ್ಲಿ ಕಟ್ ಆಗ್ತಿದ್ದದ್ದಕ್ಕೆ 130 ಬೇಕಾದ್ರೆ, ಒಂದು ದಿಕ್ಕಿನ ಗೆರೆ ಮಾತ್ರ ಹರಿದ ಹಾಗೆ ಬಂದ್ರೆ, ಮೂಲೆಯಲ್ಲಿ ಫಿಲ್ಮ್ ಎದ್ದು ನಿಂತ್ರೆ ಬದಲಾಯಿಸಿ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಮೊನೆ ನೋಡಿದ್ರೆ ತುಂಡಾದದ್ದು ಕಾಣ್ತದೆ. ಬ್ಲೇಡು ಮಾಡಿದ ಟಂಗ್‌ಸ್ಟನ್ ಕಾರ್ಬೈಡ್ ಬಹಳ ಗಟ್ಟಿ, ಆದ್ರೆ ಗಾಜಿನ ಹಾಗೆ ಬಿದ್ರೆ ಒಡೀತದೆ, ಕೈಯಿಂದ ಟೇಬಲ್ ಮೇಲೆ ಬಿದ್ದ ಬ್ಲೇಡನ್ನ ನಂಬಿ ಪುನಃ ಹಾಕ್ಬೇಡಿ.

ಕಟ್ ಚೆಂದ ಬಂದಿದೆ, ಅಂಟಿಸುವಾಗ ಅಂಚು ಏಳ್ತದೆ

ಅಕ್ಷರಗಳನ್ನ ಒಟ್ಟಿಗೆ ಎತ್ತುವ ಟ್ರಾನ್ಸ್‌ಫರ್ ಟೇಪ್ ಹಾಕಿದ ಮೇಲೆ ಸ್ಕ್ವೀಜಿಯಲ್ಲಿ, ಅಂದ್ರೆ ತಿಕ್ಕುವ ಪ್ಲಾಸ್ಟಿಕ್ ಹಲಗೆಯಲ್ಲಿ, ನಡುವಿಂದ ಹೊರಗೆ ಗಟ್ಟಿಯಾಗಿ ತಿಕ್ಕಿ, ಆಮೇಲೆ ಶೀಟನ್ನ ಕವುಚಿ ಹಾಕಿ ಕಾಗದವನ್ನ ಸ್ಟಿಕ್ಕರ್‌ನಿಂದ ಎಳೆಯಿರಿ, ಸ್ಟಿಕ್ಕರನ್ನ ಕಾಗದದಿಂದ ಅಲ್ಲ. ಕಾಗದ ಆಳ ಕೊಯ್ದಿದ್ರೆ ಇಲ್ಲೇ ಗೊತ್ತಾಗುದು, ಅಕ್ಷರದ ಹಿಂದೆ ಕಾಗದದ ತುಂಡು ಅಂಟಿಕೊಂಡು ಬರ್ತದೆ, ಆ ಜಾಗ ಯಾವತ್ತೂ ಹಿಡಿಯುದಿಲ್ಲ.

ಬೋಟು ಆದ್ರೆ ಮೊದಲು ಸಿಹಿ ನೀರಲ್ಲಿ ತೊಳೆದು ಉಪ್ಪು ತೆಗೀಬೇಕು, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸ್ಬೇಕು. ಹೊಸ ಪೈಂಟ್ ಆದ್ರೆ ಕನಿಷ್ಠ ಒಂದು ವಾರ ಬಿಡಿ, ಒಳಗಿನ ಸಾಲ್ವೆಂಟ್ ಆವಿ ಹೊರಗೆ ಬರುವಾಗ ಸ್ಟಿಕ್ಕರ್ ಅಡಿಯಲ್ಲಿ ಗುಳ್ಳೆ ಏಳ್ತದೆ. ಜುಲೈ ಕೊನೆಯಲ್ಲಿ ಒಂದು ವಾರ ಕಾಯಿ ಅಂತ ಯಜಮಾನ್ರಿಗೆ ಹೇಳುದು ಕಷ್ಟವೇ, ಅದಕ್ಕೆ ನಾನು ಪೈಂಟ್ ಸುರು ಆಗುವ ಮೊದಲೇ ದಕ್ಕೆಗೆ ಹೋಗಿ ಅಳತೆ ತಗೊಂಡು, ಮುಂದಿನ ಭಾಗಕ್ಕೆ ಮೊದಲು ಪೈಂಟ್ ಹೊಡೀರಿ ಅಂತ ಪೈಂಟರ್ ಹತ್ರ ಹೇಳಿ ಬರುದು, ಅವರು ಹಿಂದಿನ ಭಾಗ ಮುಗಿಸುವಾಗ ಹೆಸರು ಹಾಕುವ ಜಾಗ ಒಣಗಿರ್ತದೆ.